ಇಬ್ಬರ ಊಟಕ್ಕೆ ಎಲ್ಲಿಗೆ: ಹುಬ್ಬಳ್ಳಿ–ಧಾರವಾಡದ ಖಾನಾವಳಿ, ಸಾವಜಿ, ಮೇಳ ಮತ್ತು ಜಾತ್ರೆಗಳ ಹೋಲಿಕೆ

ಹುಬ್ಬಳ್ಳಿ–ಧಾರವಾಡದಲ್ಲಿ ಗಂಡ ಹೆಂಡತಿ ಇಬ್ಬರೇ ಹೊರಗೆ ಉಣ್ಣಲು ಹೊರಟರೆ ಯಾವ ಹೋಟೆಲು ಎಂದು ಕೇಳಿಕೊಳ್ಳುವುದಕ್ಕಿಂತ ಮೊದಲು ಎಷ್ಟು ಹೊತ್ತಿಗೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಈ ಅವಳಿ ನಗರದಲ್ಲಿ ಉಣ್ಣುವ ಜಾಗಗಳಲ್ಲಿ ಹಲವು ಬಗೆಗಳಿವೆ, ಮತ್ತು ಪ್ರತಿಯೊಂದು ಬಗೆಗೂ ಅದರದೇ ಆದ ಹೊತ್ತಿದೆ. ಮಧ್ಯಾಹ್ನ ಒಂದು ಗಂಟೆಗೆ ಸೊಗಸಾಗಿ ಉಣಬಡಿಸುವ ಖಾನಾವಳಿ ಮೂರು ಗಂಟೆಗೆ ತಣ್ಣನೆಯ ರೊಟ್ಟಿ ಮತ್ತು ತಳ ಹಿಡಿದ ಪಲ್ಲೆಯನ್ನು ಕೊಡುತ್ತದೆ. ಸಂಜೆ ಆರಕ್ಕೆ ನಾಲಿಗೆ ಚಪ್ಪರಿಸುವಂತೆ ಮಾಡುವ ಗಿರ್ಮಿಟ್ ಎಂಬ ಮಸಾಲೆ ಚುರುಮುರಿಯ ಅಂಗಡಿಯ ಒಲೆ ಮಧ್ಯಾಹ್ನ ಇನ್ನೂ ಹೊತ್ತಿಯೇ ಇರುವುದಿಲ್ಲ. ಒಂದು ಜಾಗದ ಬಗ್ಗೆ ಒಬ್ಬರು ಹೊಗಳಿ, ಇನ್ನೊಬ್ಬರು ತೆಗಳಿ ಮಾತನಾಡುವುದನ್ನು ಕೇಳಿದಾಗಲೆಲ್ಲ ಇಬ್ಬರೂ ಎಷ್ಟು ಗಂಟೆಗೆ ಹೋಗಿದ್ದರೆಂದು ವಿಚಾರಿಸಿದರೆ ಭಿನ್ನಾಭಿಪ್ರಾಯದ ಅರ್ಧ ಕಾರಣ ತಿಳಿದುಬಿಡುತ್ತದೆ.

ಹೋಲಿಕೆಗೆ ತೊಡಗುವ ಮುನ್ನ ನಮ್ಮಿಬ್ಬರ ರುಚಿಯನ್ನು ಹೇಳಿಬಿಡಬೇಕು, ಏಕೆಂದರೆ ಮುಂದಿನ ತೀರ್ಮಾನಗಳೆಲ್ಲ ಅದರಿಂದಲೇ ಹುಟ್ಟಿದವು. ನಾನು ಧಾರವಾಡದವಳು, ಶಾಕಾಹಾರಿ, ಖಾರವನ್ನು ಚೆನ್ನಾಗಿ ತಡೆದುಕೊಳ್ಳುತ್ತೇನೆ. ನಮ್ಮ ಮನೆಯವರು ಹಾವೇರಿ ಕಡೆಯವರು, ಎರಡೂ ಬಗೆಯ ಊಟ ಮಾಡುತ್ತಾರೆ, ಆದರೆ ಹಸಿಮೆಣಸಿನಕಾಯಿ ಅವರಿಗೆ ಆಗಿಬರುವುದಿಲ್ಲ. ಹೀಗೆ ಊಟದ ವಿಷಯದಲ್ಲಿ ಪೂರ್ತಿ ಹೊಂದಾಣಿಕೆಯಿಲ್ಲದ ದಂಪತಿಗಳು ಈ ಊರುಗಳಲ್ಲಿ ಬಹಳ ಜನ ಇದ್ದಾರೆಂದು ನನಗೆ ಗೊತ್ತು, ಮತ್ತು ಈ ಬರಹ ಮುಖ್ಯವಾಗಿ ಅವರಿಗಾಗಿ.

ಖಾನಾವಳಿಯಿಂದ ಆರಂಭಿಸುವುದು ನ್ಯಾಯ. ಖಾನಾವಳಿ ಎಂದು ಫಲಕ ಹಾಕಿಕೊಂಡ ಎಲ್ಲವೂ ಒಂದೇ ಬಗೆಯವಲ್ಲ; ಅವುಗಳಲ್ಲಿ ಎರಡು ಜಾತಿಗಳಿವೆ, ಆರಿಸುವವರು ಈ ಭೇದವನ್ನು ತಿಳಿದಿರಬೇಕು. ಮೊದಲನೆಯದು ತಿಂಗಳ ಲೆಕ್ಕದ ಗಿರಾಕಿಗಳನ್ನು ನೆಚ್ಚಿಕೊಂಡು ನಡೆಯುವ ಹಳೆಯ ಖಾನಾವಳಿ. ಧಾರವಾಡ ವಿದ್ಯಾರ್ಥಿಗಳ ಊರಾದುದರಿಂದ, ಹುಬ್ಬಳ್ಳಿ ವ್ಯಾಪಾರಿಗಳ ಮತ್ತು ನೌಕರರ ಊರಾದುದರಿಂದ, ಮನೆ ಬಿಟ್ಟು ಬಂದವರಿಗೆ ದಿನವೂ ಎರಡು ಹೊತ್ತು ಉಣ್ಣಿಸುವ ಇಂಥ ಜಾಗಗಳು ಎರಡೂ ಕಡೆ ಬೆಳೆದವು. ಅದೇ ಮುಖಗಳು ದಿನವೂ ಬಂದು ಕೂರುವುದರಿಂದ ಇಲ್ಲಿ ಪಲ್ಲೆ ದಿನಕ್ಕೊಂದು ಬದಲಾಗಲೇಬೇಕು: ಇಂದು ಬದನೆಕಾಯಿ ಎಣಗಾಯಿ ಇದ್ದರೆ ನಾಳೆ ಮಡಕೆಕಾಳು, ನಾಡಿದ್ದು ಪುಂಡಿಪಲ್ಲೆ ಅಥವಾ ಝುಣಕ. ಎಣ್ಣೆ, ಖಾರ, ಮಸಾಲೆ ಎಲ್ಲವೂ ದಿನವೂ ಉಂಡರೂ ಹೊಟ್ಟೆ ಕೆಡದ ಹದದಲ್ಲಿರುತ್ತವೆ. ಎರಡನೆಯದು ಇತ್ತೀಚೆಗೆ ಹೆದ್ದಾರಿಯ ಬದಿಯಲ್ಲಿ ಮತ್ತು ಹೊಸ ಬಡಾವಣೆಗಳಲ್ಲಿ ಎದ್ದಿರುವ, ಗೋಡೆಗೆ ಎತ್ತಿನ ಬಂಡಿಯ ಚಿತ್ರ ಬರೆಸಿ, ಬಾಗಿಲಿಗೆ ಬೀಸುವ ಕಲ್ಲನ್ನಿಟ್ಟ, ‘ಉತ್ತರ ಕರ್ನಾಟಕ ಶೈಲಿ’ಯ ಖಾನಾವಳಿ. ಇಲ್ಲಿಗೆ ಬರುವವರು ವರ್ಷಕ್ಕೊಮ್ಮೆ ಬರುವವರಾದ್ದರಿಂದ ಎಣಗಾಯಿ, ಝುಣಕ, ಶೇಂಗಾ ಹೋಳಿಗೆ ಮೂರೂ ಪ್ರತಿದಿನ ಒಂದೇ ತಾಟಿನಲ್ಲಿ ಬರುತ್ತವೆ, ಎಣ್ಣೆ ತುಸು ಮುಂದಾಗಿ ತೇಲುತ್ತದೆ.

ಹೊರಊರಿನ ಬೀಗರನ್ನು ಕರೆದುಕೊಂಡು ಹೋಗುವುದಾದರೆ ಎರಡನೆಯದರಲ್ಲಿ ತಪ್ಪೇನಿಲ್ಲ. ಒಂದೇ ಕೂಡುವಿಕೆಯಲ್ಲಿ ಅವರಿಗೆ ಎಲ್ಲವನ್ನೂ ತೋರಿಸಬಹುದು, ಕುರ್ಚಿ ಅಗಲವಾಗಿರುತ್ತದೆ, ಕೈ ತೊಳೆಯುವ ಜಾಗ ಚೊಕ್ಕಟವಾಗಿರುತ್ತದೆ. ಇಬ್ಬರೇ ಇದ್ದಾಗ ನಾವು ಮೊದಲನೆಯದನ್ನೇ ಆರಿಸುತ್ತೇವೆ, ಅದಕ್ಕೆ ಕಾರಣ ರೊಟ್ಟಿ. ಜೋಳದ ಹಿಟ್ಟಿನಲ್ಲಿ ಗೋಧಿಯ ಜಿಗುಟು ಇಲ್ಲ. ಕುದಿಯುವ ನೀರು ಹಾಕಿ ನಾದಿ, ಉಂಡೆ ಮಾಡಿ, ಅಂಗೈಯಿಂದ ಬಡಿಯುತ್ತಾ ತಿರುಗಿಸುತ್ತಾ ಹಿಗ್ಗಿಸಿದರಷ್ಟೇ ಅದು ಹರಿಯದೆ ಹಂಚನ್ನು ಸೇರುತ್ತದೆ. ಹಂಚಿಗೆ ಬಿದ್ದೊಡನೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ, ನೀರು ಆರುವಷ್ಟರಲ್ಲಿ ಮಗುಚುತ್ತಾರೆ, ಕೊನೆಗೆ ಉರಿಗೆ ಒಡ್ಡಿದಾಗ ಅದು ಬುಗ್ಗೆಯಂತೆ ಉಬ್ಬುತ್ತದೆ. ಉಬ್ಬಿದ ರೊಟ್ಟಿಯ ಮೃದುತನಕ್ಕೆ ಆಯುಷ್ಯ ಕೆಲವೇ ನಿಮಿಷ. ಆಮೇಲೆ ಅದು ಬಿರುಸಾಗುತ್ತಾ ಹೋಗುತ್ತದೆ. ಆದ್ದರಿಂದ ಒಳಗಿನಿಂದ ಬಡಿಯುವ ಸಪ್ಪಳ ಕೇಳಿಸುತ್ತಿರುವ ಖಾನಾವಳಿಯಲ್ಲಿ ಕೂರಬೇಕು, ಆ ಸಪ್ಪಳ ಇರುವ ಹೊತ್ತಿಗೇ ಕೂರಬೇಕು. ನಮ್ಮ ಲೆಕ್ಕದಲ್ಲಿ ಅದು ಹನ್ನೆರಡೂವರೆಯಿಂದ ಒಂದೂವರೆಯ ಒಳಗೆ. ತಡವಾದರೆ ಬಿಸಿರೊಟ್ಟಿಯ ಹಟ ಬಿಟ್ಟು ಖಡಕ್ ರೊಟ್ಟಿಯನ್ನೇ ಕೇಳುವುದು ಜಾಣತನ, ಏಕೆಂದರೆ ಖಡಕ್ ರೊಟ್ಟಿ ತಣ್ಣಗಿರಲೆಂದೇ ಹುಟ್ಟಿದ್ದು, ಅರೆಬಿರುಸಾದ ಬಿಸಿರೊಟ್ಟಿ ಮಾತ್ರ ಇತ್ತಲೂ ಇಲ್ಲ, ಅತ್ತಲೂ ಇಲ್ಲ.

ತಾಟಿನ ಅಂಚಿನಲ್ಲಿ ಇಡುವ ವಸ್ತುಗಳಿಂದಲೂ ಖಾನಾವಳಿಯ ಗುಣ ತಿಳಿಯುತ್ತದೆ. ಶೇಂಗಾ ಚಟ್ನಿಯ ಜೊತೆಗೆ ಗುರೆಳ್ಳು ಅಥವಾ ಅಗಸಿ ಚಟ್ನಿ ಇದೆಯೇ, ಮೊಸರು ಕೆನೆಯ ಸಮೇತ ಬಂದಿದೆಯೇ, ಹಸಿ ಮೆಂತ್ಯೆ, ಹಕ್ಕರಕಿ, ಮೂಲಂಗಿ ತೊಪ್ಪಲುಗಳು ಬಾಡದೆ ಇವೆಯೇ ಎಂದು ನಾನು ಮೊದಲು ನೋಡುತ್ತೇನೆ. ತೊಪ್ಪಲು ಬಾಡಿದ್ದರೆ ಪಲ್ಲೆಯೂ ಬೆಳಗಿನದೇ ಆಗಿರುತ್ತದೆ. ಹಿಂಗಾರಿ ಜೋಳದ ರಾಶಿಯಾಗಿ ಹೊಸ ಕಾಳು ಗಿರಣಿಗೆ ಬರುವ ಫೆಬ್ರುವರಿ–ಮಾರ್ಚ್ ತಿಂಗಳುಗಳಲ್ಲಿ ರೊಟ್ಟಿಯ ರುಚಿ ಒಂದು ಕೈ ಮೇಲಿರುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ಮನೆಯವರು ಇದನ್ನು ಒಪ್ಪುವುದಿಲ್ಲ.

ಸಾವಜಿ ಊಟದ ಮಾತು ಬೇರೆ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯ ಸಮಾಜದವರ ಮನೆಯಡಿಗೆಯಿಂದ ಬಂದ ಈ ಪದ್ಧತಿ ಹುಬ್ಬಳ್ಳಿಯಲ್ಲಿಯೂ ಗದಗ–ಬೆಟಗೇರಿಯಲ್ಲಿಯೂ ನೆಲೆಯೂರಿದೆ. ಮಟನ್, ಖೀಮಾ, ಖೀಮಾ ಉಂಡಿ, ಗಾಢ ಬಣ್ಣದ ಖಾರದ ರಸ ಇದರ ಹೆಗ್ಗುರುತು. ಖಾನಾವಳಿಗೆ ಮಧ್ಯಾಹ್ನ ಹೇಗೋ ಸಾವಜಿಗೆ ರಾತ್ರಿ ಹಾಗೆ. ಎಂಟು ಗಂಟೆಯ ಸುಮಾರಿಗೆ ರಸ ಕುದಿದು ಕುದಿದು ಹದಕ್ಕೆ ಬಂದಿರುತ್ತದೆ, ತೀರಾ ತಡವಾದರೆ ಖೀಮಾ ಮುಗಿದಿರುತ್ತದೆ. ಹಳೆಯ ಸಾವಜಿ ಖಾನಾವಳಿಗಳು ಇಕ್ಕಟ್ಟಾದವು, ಗಂಡಸರೇ ತುಂಬಿರುವಂಥವು, ಮೇಜು ಖಾಲಿಯಾಗಲೆಂದು ಹಿಂದೆಯೇ ನಿಂತು ಕಾಯುವವರಿರುವಂಥವು. ಕೆಲವು ಕಡೆ ಪರದೆ ಎಳೆದ ಫ್ಯಾಮಿಲಿ ಕೋಣೆಗಳಿವೆ; ಹೆಂಡತಿಯ ಜೊತೆ ಹೋಗುವವರು ಒಳಗೆ ಕಾಲಿಡುವ ಮೊದಲೇ ಇದನ್ನು ವಿಚಾರಿಸಬೇಕು, ಏಕೆಂದರೆ ರುಚಿ ಎಷ್ಟೇ ಚೆನ್ನಾಗಿದ್ದರೂ ಯಾರೋ ಬೆನ್ನ ಹಿಂದೆ ನಿಂತಿರುವಾಗ ಉಂಡದ್ದು ಮೈಗೆ ಹತ್ತುವುದಿಲ್ಲ. ಶಾಕಾಹಾರಿಗೆ ಅಲ್ಲಿ ಅನ್ನ ಮತ್ತು ಮೊಸರಿನ ಹೊರತು ಹೆಚ್ಚೇನೂ ದೊರೆಯುವ ಭರವಸೆಯಿಲ್ಲ.

ನಮ್ಮಂಥ ದಂಪತಿಗೆ ಇದಕ್ಕೆ ಸರಳ ಪರಿಹಾರ ಪಾರ್ಸಲ್. ಸಾವಜಿಯ ರಸ ದೂರ ಸಾಗಿದರೂ ಕೆಡುವುದಿಲ್ಲ, ಒಂದೆರಡು ತಾಸು ಬಿಟ್ಟು ಬಿಸಿ ಮಾಡಿದರೆ ಖಾರ ಮತ್ತು ಎಣ್ಣೆ ಇನ್ನಷ್ಟು ಒಂದಾಗುತ್ತವೆ. ಸಾಗಿಸಲಾಗದ್ದು ಬಿಸಿರೊಟ್ಟಿಯೊಂದೇ. ಆದ್ದರಿಂದ ರಸವನ್ನು ಸಾವಜಿಯಿಂದ, ಖಡಕ್ ರೊಟ್ಟಿಯನ್ನು ಓಣಿಯ ರೊಟ್ಟಿ ಕೇಂದ್ರದಿಂದ ತಂದು, ನನಗೊಂದು ಪಲ್ಲೆ ಮಾಡಿಕೊಂಡು ಮನೆಯಲ್ಲೇ ಕೂರುವುದು ಇಬ್ಬರಿಗೂ ಅನುಕೂಲ. ಪಾತ್ರೆಗಳನ್ನು ತೊಳೆಯುವ ಕೆಲಸ ನಮ್ಮ ಮನೆಯವರದು ಎಂದು ಆ ರಾತ್ರಿಗಳ ಒಪ್ಪಂದವಿದೆ.

ಖಾರದ ವಿಷಯದಲ್ಲಿ ಬಣ್ಣವನ್ನು ನಂಬಬಾರದು. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ ಮೆಣಸಿನಕಾಯಿ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದದ್ದು ಮುಖ್ಯವಾಗಿ ತನ್ನ ಕಡುಗೆಂಪು ಬಣ್ಣದಿಂದ. ಸುಕ್ಕುಗಟ್ಟಿದ ಸಿಪ್ಪೆಯ ಆ ಕಾಯಿಯಲ್ಲಿ ಗುಂಟೂರಿನದಕ್ಕೆ ಹೋಲಿಸಿದರೆ ಖಾರ ಬಹಳ ಕಡಿಮೆ. ಬ್ಯಾಡಗಿಯ ಪುಡಿಯನ್ನೇ ಧಾರಾಳವಾಗಿ ಬಳಸುವ ಅಡಿಗೆ ನೋಡಲು ಭಯಂಕರವಾಗಿದ್ದರೂ ಬಾಯಿಗೆ ಮೃದುವಾಗಿರಬಹುದು, ಮತ್ತು ಬಡಿಸುವವರನ್ನು ‘ಖಾರ ಎಷ್ಟದರೀ?’ ಎಂದು ಕೇಳುವುದಕ್ಕಿಂತ ‘ಯಾವ ಮೆಣಸಿನಕಾಯಿ ಹಾಕೀರಿ?’ ಎಂದು ಕೇಳಿದರೆ ನಂಬುವಂಥ ಉತ್ತರ ಬರುತ್ತದೆ. ನಿಜವಾದ ಉರಿ ಹಸಿರಿನಲ್ಲಿದೆ: ಹಸಿಮೆಣಸಿನಕಾಯಿಯನ್ನು ಕುಟ್ಟಿ ಮಾಡಿದ ಹಸಿಖಾರ, ಗಿರ್ಮಿಟ್ಟಿನ ಮಸಾಲೆ, ಕೆಲವು ಝುಣಕಗಳು. ಎಣಗಾಯಿಯ ಕೆಂಪು ಎಣ್ಣೆಯನ್ನು ರೊಟ್ಟಿಯಿಂದ ಒರೆಸಿಕೊಂಡು ತಿನ್ನುವ ನಮ್ಮ ಮನೆಯವರು ಸಂಜೆಯ ಗಿರ್ಮಿಟ್ಟಿನ ಮುಂದೆ ಕಣ್ಣೀರು ಹಾಕುವುದು ಈ ಕಾರಣಕ್ಕೆ.

ಸಂಜೆಗೆ ಹುಬ್ಬಳ್ಳಿಯ ದುರ್ಗದಬೈಲಿಗೆ ಸಾಟಿಯಾದ ಜಾಗ ಧಾರವಾಡದಲ್ಲಿಲ್ಲ ಎಂದು ಧಾರವಾಡದವಳಾಗಿಯೂ ಒಪ್ಪಿಕೊಳ್ಳುತ್ತೇನೆ. ಗಿರ್ಮಿಟ್ ನೋಡಲು ಚುರುಮುರಿಯೇ, ಆದರೆ ಒಣ ಚುರುಮುರಿಗೆ ಬರಿ ಉಳ್ಳಾಗಡ್ಡಿ ಬೆರೆಸಿದರೆ ಅದು ಗಿರ್ಮಿಟ್ ಆಗುವುದಿಲ್ಲ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿಣ, ಹುಣಸೆಹುಳಿ, ಬೆಲ್ಲಗಳನ್ನು ಎಣ್ಣೆಯಲ್ಲಿ ಬಾಡಿಸಿ ಗೊಜ್ಜು ಮಾಡಿಟ್ಟುಕೊಂಡು, ಗಿರಾಕಿ ಕೇಳಿದಾಗ ಚುರುಮುರಿಯನ್ನು ಅದರಲ್ಲಿ ಕಲಸಿ, ಮೇಲೆ ಪುಟಾಣಿ ಹಿಟ್ಟು, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ, ಸೇವು ಉದುರಿಸುತ್ತಾರೆ. ಕಲಸಿದ ಮೇಲೆ ಅದು ಮೆತ್ತಗಾಗಲು ಹೆಚ್ಚು ಹೊತ್ತು ಬೇಡ. ಕಲಸಿಟ್ಟ ರಾಶಿಯಿಂದ ತೆಗೆದು ಕೊಡುವ ಅಂಗಡಿಯನ್ನು ದಾಟಿ ಮುಂದೆ ಹೋಗಬೇಕು. ಜೊತೆಗೆ ಮಿರ್ಚಿ ಭಜಿ ಬಾಣಲೆಯಿಂದ ಈಗಷ್ಟೇ ಎದ್ದದ್ದಾಗಿರಬೇಕು. ಇಬ್ಬರಿಗೆ ಒಂದೇ ತಾಟು ಗಿರ್ಮಿಟ್ ತೆಗೆದುಕೊಂಡು, ಅದು ಮುಗಿದ ಮೇಲೆ ಇನ್ನೊಂದು ಹೇಳುವುದು ಇದಕ್ಕಾಗಿಯೇ ಮೇಲು. ಎರಡು ತಾಟುಗಳನ್ನು ಒಟ್ಟಿಗೆ ತರಿಸಿದರೆ ನಿಧಾನವಾಗಿ ತಿನ್ನುವವರ ತಾಟು ಕೊನೆಗೆ ಹಿಟ್ಟಿನ ಮುದ್ದೆಯಾಗುತ್ತದೆ. ಇಲ್ಲಿ ಕುಳಿತು ಮಾತನಾಡಲು ಜಾಗವಿಲ್ಲ, ಶನಿವಾರ ರವಿವಾರ ಗಾಡಿ ನಿಲ್ಲಿಸಲೂ ಜಾಗವಿಲ್ಲ. ಮಾತನಾಡುವುದೇ ಮುಖ್ಯವಾದ ಸಂಜೆಗೆ ಇದು ತಕ್ಕದ್ದಲ್ಲ.

ಅಂಥ ಸಂಜೆಗೆ ಫ್ಯಾಮಿಲಿ ರೆಸ್ಟೊರೆಂಟುಗಳಿವೆ. ಅವುಗಳ ಪನೀರ್ ಪಲ್ಲೆ ಮತ್ತು ತಂದೂರಿ ರೋಟಿ ಯಾವ ಊರಿನಲ್ಲಾದರೂ ಸಿಗುವಂಥದ್ದೇ ಆದ್ದರಿಂದ ರುಚಿಯ ಹೋಲಿಕೆಗೆ ಹೆಚ್ಚು ಅವಕಾಶವಿಲ್ಲ. ತಂಪು ಗಾಳಿ, ಮಂದ ಬೆಳಕು, ಎಬ್ಬಿಸದ ಮಾಣಿಗಳಿಗೆ ನಾವು ಹಣ ಕೊಡುತ್ತೇವೆ. ಬಿಲ್ಲಿನಲ್ಲಿ ಸೇವಾ ಶುಲ್ಕ ಎಂದು ಸೇರಿಸಿದ್ದರೆ ಅದನ್ನು ತೆಗೆಸಬಹುದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2022ರ ಜುಲೈನಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಅದನ್ನು ಗ್ರಾಹಕರ ಒಪ್ಪಿಗೆಯಿಲ್ಲದೆ ತಾನಾಗಿ ಸೇರಿಸುವಂತಿಲ್ಲ. ಉಡುಪಿ ಹೋಟೆಲುಗಳಿಗೆ ಬೆಳಗಿನ ಹೊತ್ತೇ ಸರಿ, ಅದರ ಬಗ್ಗೆ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಬೈಪಾಸಿನ ಧಾಬಾಗಳನ್ನು ನಾವು ಬೇರೆ ದಾರಿಯಿಲ್ಲದಾಗ ಮಾತ್ರ ಆರಿಸುತ್ತೇವೆ.

ಇನ್ನು ಮೇಳಗಳು. ಆಹಾರ ಮೇಳ ಎಂಬ ಹೆಸರಿನಲ್ಲಿ ನಡೆಯುವವುಗಳನ್ನು ಒಂದೇ ತಕ್ಕಡಿಯಲ್ಲಿ ಇಡಲಾಗದು. ದೊಡ್ಡ ಹೋಟೆಲುಗಳು ತಮ್ಮ ಅಂಗಳದಲ್ಲಿ ಯಾವುದೋ ಪ್ರಾಂತದ ಹೆಸರಿಟ್ಟು ನಡೆಸುವ ಬಫೆ ಮೇಳಗಳಿವೆ. ಮೈದಾನದಲ್ಲಿ ಮಳಿಗೆ ಹಾಕಿ, ಬಾಗಿಲಲ್ಲೇ ಕೂಪನ್ ಮಾರಿ ನಡೆಸುವ ಮೇಳಗಳಿವೆ. ಎರಡನೆಯ ಬಗೆಯ ಒಂದು ಮೇಳದಲ್ಲಿ ನಾವು ಕೂಪನ್ನಿಗೆ ಒಂದು ಸಾಲು, ಮಳಿಗೆಗೆ ಇನ್ನೊಂದು ಸಾಲು ಹಿಡಿದು ಮುಂದೆ ಮುಟ್ಟುವಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಉಳಿದ ಕೂಪನ್ನಿನ ಹಣ ವಾಪಸು ಕೊಡುವುದಿಲ್ಲವೆಂದು ಚೀಟಿಯ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅಂದಿನಿಂದ ಒಮ್ಮೆಗೆ ಒಂದೇ ತಿನಿಸಿನ ಕೂಪನ್ ಕೊಳ್ಳುತ್ತೇವೆ, ಒಬ್ಬರು ಕೂಪನ್ ಸಾಲಿನಲ್ಲಿದ್ದರೆ ಇನ್ನೊಬ್ಬರು ಮಳಿಗೆಯ ಸಾಲಿನಲ್ಲಿರುತ್ತೇವೆ. ಬಫೆ ಮೇಳದ ತೊಂದರೆ ಬೇರೆಯದು: ತಲೆಗಿಷ್ಟು ಎಂದು ಹಣ ತೆಗೆದುಕೊಳ್ಳುವುದರಿಂದ ಮಾಂಸ ತಿನ್ನದವರೂ ಮಾಂಸದ ಬೆಲೆಯನ್ನೇ ಕೊಡಬೇಕಾಗುತ್ತದೆ. ಇಬ್ಬರಲ್ಲಿ ಒಬ್ಬರು ಶಾಕಾಹಾರಿಯಾಗಿದ್ದರೆ ಇದು ನಷ್ಟದ ವ್ಯವಹಾರ.

ಇವೆರಡಕ್ಕಿಂತಲೂ ನಮಗೆ ಮೆಚ್ಚುಗೆಯಾದದ್ದು ಆಹಾರ ಮೇಳವೆಂದು ಕರೆಸಿಕೊಳ್ಳದ ಒಂದು ಮೇಳ. ಧಾರವಾಡದ ಕೃಷಿ ವಿಶ್ವವಿದ್ಯಾಲಯ 1986ರಲ್ಲಿ ಸ್ಥಾಪನೆಯಾದದ್ದು. ಅದರ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರಿನಲ್ಲಿ ನಡೆಯುತ್ತದೆ. ಜನ ಬರುವುದು ಬೀಜ, ಯಂತ್ರ, ಹೊಸ ತಳಿ ನೋಡಲು, ಆದರೆ ಹೊಲದ ಜನ ಸೇರಿದ ಕಡೆ ಕೆಟ್ಟ ರೊಟ್ಟಿ ಮಾರಿ ಬದುಕುವುದು ಕಷ್ಟ. ರೊಟ್ಟಿಯನ್ನು ಮುರಿದು ನೋಡಿಯೇ ಜೋಳ ಯಾವ ಬಗೆಯದೆಂದು ಹೇಳುವ ಗಿರಾಕಿಗಳ ಎದುರಿಗೆ ಹೆಣ್ಣುಮಕ್ಕಳು ಕುಳಿತು ಬಡಿಯುತ್ತಾರೆ; ನವಣೆ, ಸಾವೆ ಮುಂತಾದ ಸಿರಿಧಾನ್ಯಗಳ ತಿನಿಸುಗಳೂ ಇರುತ್ತವೆ. ನವಣೆಯ ಹೋಳಿಗೆ ಒಳ್ಳೆಯದು, ಬಿಸ್ಕತ್ತುಗಳನ್ನು ಬಿಟ್ಟರೂ ನಡೆಯುತ್ತದೆ. ರವಿವಾರ ಕಾಲಿಡಲು ಜಾಗವಿರುವುದಿಲ್ಲ, ಮಳೆ ಬಂದರೆ ಎರೆಮಣ್ಣು ಚಪ್ಪಲಿಯನ್ನು ಬಿಡುವುದಿಲ್ಲ. ವಾರದ ದಿನ ಹನ್ನೊಂದರ ಹೊತ್ತಿಗೆ ಹೋಗಿ, ಉಂಡು, ಆಮೇಲೆ ಮಳಿಗೆಗಳನ್ನು ನೋಡುವುದು ಸರಿಯಾದ ಕ್ರಮ. ಹೆಚ್ಚಿನವರು ಇದನ್ನು ತಿರುವುಮುರುವಾಗಿ ಮಾಡಿ ಎರಡು ಗಂಟೆಯ ನೂಕುನುಗ್ಗಲಿಗೆ ಸಿಕ್ಕಿಕೊಳ್ಳುತ್ತಾರೆ.

ಜಾತ್ರೆಯ ಊಟವನ್ನು ಹೋಟೆಲಿನ ಜೊತೆ ಹೋಲಿಸುವುದು ಸರಿಯೇ ಎಂದು ನಮ್ಮತ್ತೆಯವರು ಆಕ್ಷೇಪಿಸುತ್ತಾರೆ. ಹುಬ್ಬಳ್ಳಿಯ ಸಿದ್ಧಾರೂಢ ಮಠದಲ್ಲಿ ಶಿವರಾತ್ರಿಯ ಮರುದಿನ ತೇರು ಎಳೆಯುವಾಗ ನಡೆಯುವ ದಾಸೋಹದ ಪ್ರಸಾದದ ಮಟ್ಟಿಗೆ ಅವರ ಮಾತು ನಿಜ. ಅದನ್ನು ರುಚಿಯ ಲೆಕ್ಕದಲ್ಲಿ ತೂಗುವುದು ನನಗೂ ಒಗ್ಗದು. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ಡಂಬಳದ ವಿಷಯ ಬೇರೆ. ಅಲ್ಲಿನ ತೋಂಟದಾರ್ಯ ಮಠದ ಜಾತ್ರೆಯಲ್ಲಿ ರೊಟ್ಟಿಯೇ ಪ್ರಧಾನವಾಗಿ, ಜನರ ಬಾಯಲ್ಲಿ ಅದಕ್ಕೆ ರೊಟ್ಟಿ ಜಾತ್ರೆಯೆಂಬ ಹೆಸರೇ ನಿಂತಿದೆ. ಊರಿನ ಮನೆಮನೆಗಳಲ್ಲಿ ಬಡಿದ ಖಡಕ್ ರೊಟ್ಟಿಗಳು ಮಠಕ್ಕೆ ಬರುತ್ತವೆ, ಜೊತೆಗೆ ಬದನೆಕಾಯಿ ಪಲ್ಲೆ ಮತ್ತು ಕರಿಂಡಿ. ಕರಿಂಡಿ ಎಂದರೆ ಹಸಿಮೆಣಸಿನಕಾಯಿಯನ್ನು ಅಗಸಿ ಪುಡಿಯೊಂದಿಗೆ ಕುಟ್ಟಿ, ಹೆಚ್ಚಿದ ಕಾಯಿಪಲ್ಲೆ ಬೆರೆಸಿ, ಹುಳಿ ಬರುವಂತೆ ಇಟ್ಟದ್ದು; ಹಸಿರು ಖಾರವೇ ಆದ್ದರಿಂದ ನಮ್ಮ ಮನೆಯವರು ಅಲ್ಲಿ ಪಲ್ಲೆಯ ಕಡೆಗೇ ಇರುತ್ತಾರೆ. ಖಾನಾವಳಿಯಲ್ಲಿ ಎಷ್ಟು ಹಣ ಕೊಟ್ಟರೂ ಈ ಪದಾರ್ಥ ಈ ಹದದಲ್ಲಿ ಸಿಗುವುದು ಅಪರೂಪ. ಡಂಬಳ ಗದಗದಿಂದ ಸುಮಾರು 20 ಕಿಲೋಮೀಟರ್, ಗದಗ ಹುಬ್ಬಳ್ಳಿಯಿಂದ ಸುಮಾರು 60 ಕಿಲೋಮೀಟರ್. ಅಷ್ಟು ದೂರ ಹೋದವರು ನಕ್ಷತ್ರದಾಕಾರದ ತಳವಿನ್ಯಾಸದ ದೊಡ್ಡಬಸಪ್ಪ ದೇವಾಲಯವನ್ನೂ ನೋಡಿ ಬರಬಹುದು. ಮರಳುವ ದಾರಿಯಲ್ಲಿ ಗದಗದಲ್ಲಿ ಬದನೆಕಾಯಿ ಭಜಿ ತಿನ್ನದೆ ಬಂದರೆ ಗದಗದ ಗೆಳತಿಯರು ಬೇಸರಪಟ್ಟುಕೊಳ್ಳುತ್ತಾರೆ.

ಒಂದೇ ದಿನ ಕೈಯಲ್ಲಿರುವ ದಂಪತಿಗೆ ನಾವು ಹೇಳುವುದು ಹೀಗೆ. ಮಧ್ಯಾಹ್ನದ ಊಟವನ್ನು ಧಾರವಾಡದ ತಿಂಗಳ ಲೆಕ್ಕದ ಖಾನಾವಳಿಯೊಂದರಲ್ಲಿ ಒಂದು ಗಂಟೆಯ ಒಳಗೆ ಮುಗಿಸಿ, ಲೈನ್ ಬಜಾರಿಗೆ ಹೋಗಿ ಪೇಢೆ ಕೊಳ್ಳಬೇಕು; ಖೋವಾವನ್ನು ಕಂದುಬಣ್ಣ ಬರುವವರೆಗೆ ಹುರಿದು ಸಕ್ಕರೆ ಪುಡಿಯಲ್ಲಿ ಹೊರಳಿಸಿದ ಆ ಪೇಢೆ ಪ್ರಯಾಣಕ್ಕೆ ತಡೆಯುತ್ತದೆ, ಆದ್ದರಿಂದ ಅಲ್ಲೇ ತಿಂದು ಮುಗಿಸುವ ಅವಸರವಿಲ್ಲ. ನಾಲ್ಕರ ಸುಮಾರಿಗೆ ಎರಡೂ ಊರುಗಳ ನಡುವೆ ಓಡುವ ಚಿಗರಿ ಬಸ್ಸು ಹಿಡಿದರೆ ಹುಬ್ಬಳ್ಳಿಗೆ ಹೊತ್ತಿರುವಾಗಲೇ ಮುಟ್ಟಿ, ಉಣಕಲ್ ಕೆರೆಯ ಬಳಿ ಸ್ವಲ್ಪ ಹೊತ್ತು ಕಳೆದು, ಆರರ ಸುಮಾರಿಗೆ ದುರ್ಗದಬೈಲಿಗೆ ಹೋಗಬಹುದು. ಸಾವಜಿಯನ್ನು ಇನ್ನೊಂದು ದಿನಕ್ಕೆ ಬಿಡಬೇಕು. ಗಿರ್ಮಿಟ್ಟಿನ ಹಿಂದೆಯೇ ಸಾವಜಿಯ ರಸ ಇಳಿದರೆ ಎರಡರ ರುಚಿಯೂ ನೆನಪಿರುವುದಿಲ್ಲ, ರಾತ್ರಿ ನಿದ್ದೆಯೂ ಇರುವುದಿಲ್ಲ.